ಕಿರ್ದಿಯಲ್ಲಿ ಬರೆಯಬಲ್ಲ ನಿರ್ಧಾರ

ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಗೆ ನಡೆಯುವ ಉಚ್ಚಂಗೆಮ್ಮನ ಜಾತ್ರೆಯನ್ನು ನೋಡದ ವರ್ತಕರು ನಮ್ಮ ಭಾಗದಲ್ಲಿ ವಿರಳ. ಹರಪನಹಳ್ಳಿಯಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ ಇಟ್ಟಿದ್ದ ನನ್ನ ತಂದೆಯವರು ಪ್ರತಿ ವರ್ಷ ಆ ಜಾತ್ರೆಗೆ ಹೋಗಿ, ಬೆಟ್ಟದ ಕೆಳಗೆ ತೆಂಗಿನಕಾಯಿ, ಬಾಳೆಹಣ್ಣು, ಕುಂಕುಮ, ಭಂಡಾರದ ಅಂಗಡಿ ಹಾಕುತ್ತಿದ್ದರು. 1982ರ ಸುಮಾರಿನ ಮಾತು. ನನಗೆ ಆಗ ಹನ್ನೊಂದು ವರ್ಷ. ಸಂಜೆಯ ನೂಕುನುಗ್ಗಲಿನಲ್ಲಿ, ಗ್ಯಾಸ್ ಲೈಟಿನ ಮಂದ ಬೆಳಕಿನಲ್ಲಿ, ಗಿರಾಕಿಯೊಬ್ಬರು ಹತ್ತರ ನೋಟೆಂದು ನೂರರ ನೋಟನ್ನು ಕೊಟ್ಟು, ಹತ್ತಕ್ಕೆ ಸಲ್ಲುವ ಚಿಲ್ಲರೆ ಪಡೆದು ಗುಂಪಿನಲ್ಲಿ ಮರೆಯಾದರು. ಅವರು ಹೋದ ಮೇಲೆ ನೋಟನ್ನು ಗುರುತಿಸಿದವನು ನಾನು. ತೊಂಬತ್ತು ರೂಪಾಯಿ ನಮ್ಮ ಅಂಗಡಿಯ ಒಂದು ದಿನದ ಲಾಭಕ್ಕಿಂತ ಹೆಚ್ಚು. ನನ್ನ ಸಂತೋಷವನ್ನು ಕಂಡ ತಂದೆಯವರು ಹೇಳಿದ್ದು ಇಷ್ಟೇ: "ಈಗ ಬ್ಯಾಡ ತಮ್ಮಾ, ಅಂಗಡಿ ಕಟ್ಟಿದ ಮ್ಯಾಲೆ ನೋಡೋಣು."

ಆ ರಾತ್ರಿ ಅಂಗಡಿ ಕಟ್ಟಿ, ಊಟ ಮುಗಿಸಿ, ಅವರು ಕಿರ್ದಿಯನ್ನು ತೆರೆದು ಜಮಾ ಬದಿಗೆ ಹೀಗೆ ಬರೆದರು: "ಗುರುತು ಸಿಗದ ಗಿರಾಕಿಯಿಂದ ತಪ್ಪಿ ಬಂದದ್ದು, ರೂ. 90." ಲಾಭದ ಲೆಕ್ಕಕ್ಕೆ ಅದನ್ನು ಸೇರಿಸಲಿಲ್ಲ, ಕೊಡಬೇಕಾದ ಬಾಕಿ ಎಂದು ಇಟ್ಟುಕೊಂಡರು.

ಲೆಕ್ಕಪರಿಶೋಧಕನಾಗಿ ಮೂವತ್ತು ವರ್ಷ ಇತರರ ಪುಸ್ತಕಗಳನ್ನು ನೋಡುತ್ತ ಬಂದ ನನಗೆ, ವ್ಯಾಪಾರದಲ್ಲಿ ನೀತಿಯ ವಿಚಾರವಾಗಿ ಇದಕ್ಕಿಂತ ಉಪಯುಕ್ತವಾದ ಪಾಠ ಸಿಕ್ಕಿಲ್ಲ. ಇದರಲ್ಲಿ ಎರಡು ಅಂಶಗಳಿವೆ. ಒಂದು, ಅವಸರದ ಗಳಿಗೆಯಲ್ಲಿ ತೀರ್ಮಾನಿಸಬಾರದು. ಎರಡು, ತೀರ್ಮಾನಿಸಿದ್ದನ್ನು ಇದ್ದದ್ದು ಇದ್ದ ಹಾಗೆ ಕಿರ್ದಿಯಲ್ಲಿ ಬರೆಯಲು ಬರಬೇಕು. ಈ ಎರಡನ್ನೂ ನಮ್ಮ ದಿನನಿತ್ಯದ ಸಂದರ್ಭಗಳಿಗೆ ಅನ್ವಯಿಸಿ ವಿವರಿಸುವುದೇ ಈ ಲೇಖನದ ಉದ್ದೇಶ.

ಅವಸರವೆಂಬ ಶತ್ರು

ತಪ್ಪು ಮಾಡುವವರೆಲ್ಲರೂ ದುರ್ಬುದ್ಧಿಯವರೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅನುಭವ ಬೇರೆಯದನ್ನೇ ಹೇಳುತ್ತದೆ. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಪ್ರತಿಯೊಬ್ಬನಿಗೂ ಪಕ್ಕದ ಕಟ್ಟಡಕ್ಕೆ ಹೋಗಿ ಕಿರು ಉಪನ್ಯಾಸ ಕೊಡಬೇಕೆಂದು ತಿಳಿಸಲಾಯಿತು. ದಾರಿಯಲ್ಲಿ ಒಬ್ಬ ವ್ಯಕ್ತಿ ಕುಸಿದು ಕುಳಿತು ಕೆಮ್ಮುತ್ತ ನರಳುತ್ತಿರುವಂತೆ ಏರ್ಪಾಡು ಮಾಡಿದ್ದರು. ಸಾಕಷ್ಟು ಸಮಯವಿದೆ ಎಂದು ತಿಳಿದವರಲ್ಲಿ ಶೇ. 63 ಮಂದಿ ಸಹಾಯಕ್ಕೆ ನಿಂತರು. ತಡವಾಗಿದೆ ಎಂದು ತಿಳಿದವರಲ್ಲಿ ನಿಂತವರು ಶೇ. 10 ಮಾತ್ರ. ಇವರಲ್ಲಿ ಅರ್ಧದಷ್ಟು ಮಂದಿ ಕೊಡಬೇಕಿದ್ದ ಉಪನ್ಯಾಸದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ದಯಾಳುವಿನ ಕಥೆ! ವಿಷಯದಿಂದ ಗಣನೀಯ ವ್ಯತ್ಯಾಸವಾಗಲಿಲ್ಲ, ಗಡಿಯಾರದಿಂದ ಆಯಿತು.

ವ್ಯಾಪಾರದಲ್ಲಿ ನೀತಿಯ ಪ್ರಶ್ನೆ ಎಂದೂ ಬಿಡುವಾಗಿ ಬರುವುದಿಲ್ಲ. ಲಾರಿ ಹೊರಡುವಾಗ, ಮೋಡ ಕವಿದಾಗ, ರಿಟರ್ನ್ ಸಲ್ಲಿಸುವ ಕಡೆಯ ದಿನ, ಬ್ಯಾಂಕಿನಿಂದ ಫೋನ್ ಬಂದಾಗಲೇ ಬರುತ್ತದೆ. ಆದುದರಿಂದ ಶಾಂತವಾಗಿರುವುದೆಂದರೆ ಕೇವಲ ಸ್ವಭಾವದ ಗುಣವಲ್ಲ. ಅದು ಅಂಗಡಿಯ ವ್ಯವಸ್ಥೆಯ ಒಂದು ಭಾಗವಾಗಬೇಕು.

ತಕ್ಕಡಿಯ ಮುಂದೆ

ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ವರ್ತಕರಿಗೆ ಮೆಕ್ಕೆಜೋಳದ ತೇವಾಂಶದ ಪ್ರಶ್ನೆ ಹೊಸತಲ್ಲ. ಸಂಜೆ ರೈತ ಟ್ರ್ಯಾಕ್ಟರ್ ತಂದು ನಿಲ್ಲಿಸುತ್ತಾನೆ, ಮಳೆ ಬರುವಂತಿದೆ, ಕಾಳು ಹಸಿ. ಖರೀದಿದಾರ ಅಂದಾಜಿನ ಮೇಲೆ ಕ್ವಿಂಟಲ್‌ಗೆ ನಾಲ್ಕೈದು ಕಿಲೋ 'ಸೂಟು' ಹಿಡಿಯುತ್ತಾನೆ. ಹಸಿ ಕಾಳು ಒಣಗಿದ ಮೇಲೆ ತೂಕ ಇಳಿಯುವುದು ನಿಜ. ಆದುದರಿಂದ ಖರೀದಿದಾರನ ಆತಂಕ ಸುಳ್ಳಲ್ಲ. ಎಷ್ಟು ಇಳಿಯುತ್ತದೆ ಎಂಬುದನ್ನು ಲೆಕ್ಕ ಹಾಕದೆ ಬಾಯಿಗೆ ಬಂದಷ್ಟು ಹಿಡಿಯುವುದರಲ್ಲಿ ತಪ್ಪಿದೆ.

ಲೆಕ್ಕ ಬಹಳ ಸರಳ. ಖರೀದಿಗೆ ಒಪ್ಪಿತವಾದ ತೇವಾಂಶದ ಗರಿಷ್ಠ ಮಿತಿ ಶೇ. 14. ಶೇ. 17 ತೇವಾಂಶವಿರುವ 100 ಕಿಲೋ ಕಾಳಿನಲ್ಲಿ ಒಣ ಪದಾರ್ಥ 83 ಕಿಲೋ. ಅದನ್ನು ಶೇ. 14ಕ್ಕೆ ಒಣಗಿಸಿದರೆ ಈ 83 ಕಿಲೋ ಒಟ್ಟು ತೂಕದ ಶೇ. 86 ಆಗುತ್ತದೆ. 83ನ್ನು 0.86ರಿಂದ ಭಾಗಿಸಿದರೆ 96.5. ಅಂದರೆ ನಿಜವಾದ ಇಳಿತ ಮೂರೂವರೆ ಕಿಲೋ. ಇದೇ ಕ್ರಮದಲ್ಲಿ ಶೇ. 15ಕ್ಕೆ 1.2 ಕಿಲೋ, ಶೇ. 16ಕ್ಕೆ 2.3 ಕಿಲೋ, ಶೇ. 18ಕ್ಕೆ 4.7 ಕಿಲೋ. ಮಾರುಕಟ್ಟೆ ಪ್ರಾಂಗಣದಲ್ಲಿ ನಿಯಮ ಒಪ್ಪದ ತೂಕದ ಕಡಿತವನ್ನು ಈ ಲೆಕ್ಕವೂ ಸಕ್ರಮಗೊಳಿಸುವುದಿಲ್ಲ. ತೂಕವನ್ನು ಪೂರ್ತಿ ಹಿಡಿದು, ವ್ಯತ್ಯಾಸವನ್ನು ಬೆಲೆಯಲ್ಲಿಯೇ ಹೇಳುವುದು ಉಚಿತ. ಒಣ ಕಾಳಿಗೆ ಕ್ವಿಂಟಲ್‌ಗೆ 2,000 ರೂ. ದರವಿದ್ದರೆ ಶೇ. 17ರ ಕಾಳಿಗೆ 1,930 ರೂ. ಒಣಗಿಸುವ ಕೂಲಿ ಬೇರೆ ಇದ್ದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು. ಬೆಲೆಯಲ್ಲೂ ಇಳಿಸಿ ತೂಕದಲ್ಲೂ ಹಿಡಿದರೆ ಒಂದೇ ತೇವಕ್ಕೆ ಎರಡು ಬಾರಿ ವಸೂಲಿ ಮಾಡಿದಂತಾಯಿತು.

60 ಕ್ವಿಂಟಲ್ ಲೋಡಿಗೆ ಮೂರೂವರೆಯ ಬದಲು ಐದು ಕಿಲೋ ಹಿಡಿದರೆ ಹೆಚ್ಚಾಗಿ ಸಿಗುವುದು 90 ಕಿಲೋ, ಸುಮಾರು 1,800 ರೂ. ಇದು ನಮಗೆ ದೊಡ್ಡದಲ್ಲ. 2025ರ ನವೆಂಬರಿನಲ್ಲಿ 2,400 ರೂ. ಬೆಂಬಲ ಬೆಲೆ ಘೋಷಣೆಯಾಗಿದ್ದ ಮೆಕ್ಕೆಜೋಳವನ್ನು ಬಹಳ ಕಡಿಮೆಗೆ ಮಾರಬೇಕಾಗಿ ಬಂದ ರೈತನಿಗೆ ಅದು ದೊಡ್ಡದು. ತೇವಾಂಶ ಅಳೆಯುವ ಯಂತ್ರವನ್ನು ಅವನಿಗೆ ಕಾಣುವಂತೆ ಇಟ್ಟು, ಮೇಲಿನ ನಾಲ್ಕು ಅಂಕಿಗಳನ್ನು ಗೋಡೆಯ ಮೇಲೆ ಬರೆಸಿದರೆ, ಮೋಡ ಕವಿದ ಸಂಜೆಯೂ ವಾದಕ್ಕೆ ಅವಕಾಶವಿರುವುದಿಲ್ಲ. ಧರ್ಮಸಂಕಟವೆಂದು ತೋರುವ ಅನೇಕ ಪ್ರಶ್ನೆಗಳು ಹೀಗೆ ಲೆಕ್ಕ ಮಾಡದೆ ಬಿಟ್ಟ ಗಣಿತಗಳಾಗಿರುತ್ತವೆ.

ಕ್ಯೂ.ಆರ್. ಕೋಡ್ ತೆಗೆಯಬೇಕೇ?

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು 2021–22ರಿಂದ 2024–25ರವರೆಗಿನ ಯು.ಪಿ.ಐ. ಪಾವತಿಗಳ ಆಧಾರದ ಮೇಲೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿತು. ಬೆಂಗಳೂರಿನಲ್ಲಿ ಹಲವು ಅಂಗಡಿಗಳು ಕ್ಯೂ.ಆರ್. ಕೋಡ್ ತೆಗೆದು 'ನಗದು ಮಾತ್ರ' ಎಂಬ ಫಲಕ ಹಾಕಿದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಪ್ರತಿನಿಧಿಗಳೊಡನೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂಬ ಭರವಸೆ ನೀಡಿದ ಬಳಿಕ ಕಾವು ಇಳಿಯಿತು.

ಆ ವಾರ ಕಿರಾಣಿ ವರ್ತಕರೊಬ್ಬರು ನನ್ನ ಕಚೇರಿಗೆ ಬಂದು, "ಸಾರ್, ಬೋರ್ಡ್ ಕಿತ್ತು ಹಾಕಿಬಿಡಲೇನ್ರಿ?" ಎಂದು ಕೇಳಿದರು. ಅವರ ಭಯದಲ್ಲಿ ಹುರುಳಿತ್ತು. ಯು.ಪಿ.ಐ. ಅಂಕಿಅಂಶವು ಯಾವ ಹಣ ಯಾವುದಕ್ಕೆ ಬಂದಿತೆಂದು ಹೇಳುವುದಿಲ್ಲ. ತೆರಿಗೆಯಿಲ್ಲದ ತರಕಾರಿ ಮಾರಿದ ಹಣ, ತಂಗಿ ಹಿಂದಿರುಗಿಸಿದ ಕೈಸಾಲ ಎಲ್ಲವೂ ಅದರಲ್ಲಿ ಒಂದೇ ಮೊತ್ತ. ಆದರೆ ತೆರಿಗೆಯ ಹೊಣೆ ಹುಟ್ಟುವುದು ಮಾರಾಟದಿಂದ. ಹಣ ಯಾವ ದಾರಿಯಲ್ಲಿ ಬಂದಿತೆಂಬುದರಿಂದಲ್ಲ. ಫಲಕ ಕಿತ್ತರೆ ವಹಿವಾಟು ಕಡಿಮೆಯಾಗುವುದಿಲ್ಲ, ಅದನ್ನು ಮರೆಮಾಚುವ ಕೆಲಸ ಮಾತ್ರ ಹೊಸದಾಗಿ ಆರಂಭವಾಗುತ್ತದೆ.

ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. ಕೆಲವು ಸರಕುಗಳನ್ನು ಹೊರತುಪಡಿಸಿ, ಸರಕು ಮಾತ್ರ ಮಾರುವವರಿಗೆ ವಾರ್ಷಿಕ 40 ಲಕ್ಷ ರೂ. ಮೀರಿದರೆ ಜಿ.ಎಸ್.ಟಿ. ನೋಂದಣಿ ಕಡ್ಡಾಯ, ಸೇವೆಗಾದರೆ 20 ಲಕ್ಷ. ಅವರ ವಹಿವಾಟು 60 ಲಕ್ಷ, ಅದರಲ್ಲಿ ತೆರಿಗೆಗೆ ಒಳಪಡುವ ಸರಕು 45 ಲಕ್ಷ. ಒಂದೂವರೆ ಕೋಟಿಯವರೆಗಿನ ವರ್ತಕರಿಗಿರುವ ರಾಜಿ ತೆರಿಗೆ ಪದ್ಧತಿಯಲ್ಲಿ ಶೇ. 1ರಂತೆ ವರ್ಷಕ್ಕೆ 45,000 ರೂ., ತಿಂಗಳಿಗೆ 3,750 ರೂ. ಈ ಪದ್ಧತಿಯಲ್ಲಿ ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲವೆಂಬುದು ನಿಜ. ಆದರೂ ಮೊತ್ತ ಕಾಗದದ ಮೇಲೆ ಬಂದೊಡನೆ ಅವರ ಮುಖದ ಕಳೆ ಬದಲಾಯಿತು. "ಇಷ್ಟೇ ಏನ್ರಿ?" ಎಂದರು. ಒಂದು ವಾರ ನಿದ್ದೆಗೆಡಿಸಿದ್ದು ಅಂಕಿಯಿಲ್ಲದ ಭಯ. ಅವರು ನೋಂದಣಿ ಮಾಡಿಸಿದರು, ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದರು. ಫಲಕ ಇಂದಿಗೂ ಅಲ್ಲಿಯೇ ಇದೆ.

ನಾನು ಮಾಡಿದ ತಪ್ಪು

ಇತರರಿಗೆ ಬುದ್ಧಿ ಹೇಳುವ ಮುನ್ನ ನನ್ನದೊಂದು ತಪ್ಪನ್ನು ಇಲ್ಲಿ ದಾಖಲಿಸುವುದು ನ್ಯಾಯ. ಲೆಕ್ಕಪರಿಶೋಧಕರು ನೀಡುವ ಪ್ರಮಾಣಪತ್ರಗಳಿಗೆ 2019ರ ಫೆಬ್ರವರಿಯಿಂದ ಯು.ಡಿ.ಐ.ಎನ್. ಸಂಖ್ಯೆ ಕಡ್ಡಾಯವಾಗಿದೆ. ಇದು ಅದಕ್ಕೂ ಹಲವು ವರ್ಷ ಹಿಂದಿನ ಮಾತು. ಮಾರ್ಚ್ ಕೊನೆಯ ರಾತ್ರಿ. ಮೇಜಿನ ಮೇಲೆ ಕಡತಗಳ ರಾಶಿ. ಶೇಂಗಾ ವ್ಯಾಪಾರಿಯೊಬ್ಬರು ಬ್ಯಾಂಕಿಗೆ ಸಲ್ಲಿಸಬೇಕಾದ ದಾಸ್ತಾನು ಪಟ್ಟಿಯನ್ನು ತಂದು, "ಇದೊಂದು ಸಲ ಸಹಿ ಮಾಡಿಕೊಡ್ರಿ ಸಾರ್, ನಾಳೆ ಕೊಡದಿದ್ದರೆ ಲಿಮಿಟ್ ನಿಲ್ಲಿಸ್ತಾರ" ಎಂದರು. ಪಟ್ಟಿಯಲ್ಲಿ 40 ಲಕ್ಷದ ಸರಕು. ಗೋದಾಮು ನನ್ನ ಕಚೇರಿಯಿಂದ ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ. ಹಳೆಯ ಪರಿಚಯವೆಂದು ಸಹಿ ಮಾಡಿದೆ.

ಗೋದಾಮಿನಲ್ಲಿ ಇದ್ದದ್ದು 22 ಲಕ್ಷದ ಸರಕು. ಶೇ. 25 ಮಾರ್ಜಿನ್ ಕಳೆದು ಅವರಿಗೆ ಸಿಗಬೇಕಿದ್ದ ಸಾಲದ ಮಿತಿ ಹದಿನಾರೂವರೆ ಲಕ್ಷ. ನನ್ನ ಸಹಿಯಿಂದ ಸಿಕ್ಕಿದ್ದು 30 ಲಕ್ಷ. ಇಲ್ಲದ ಸರಕಿನ ಮೇಲೆ ತೆಗೆದ ಹದಿಮೂರೂವರೆ ಲಕ್ಷವನ್ನು ಅವರು ಮುಂದಿನ ಹಂಗಾಮಿನ ಖರೀದಿಗೆ ತೊಡಗಿಸಿದರು. ಬೆಲೆ ಬಿದ್ದಿತು. ಬ್ಯಾಂಕಿನವರು ಗೋದಾಮು ತಪಾಸಣೆಗೆ ಬಂದರು. ಒಂದೂವರೆ ವರ್ಷದೊಳಗೆ, ಸಾಲಕ್ಕೆ ಭದ್ರತೆಯಾಗಿದ್ದ ಮನೆ ಮಾರಾಟವಾಯಿತು. ಆ ಕುಟುಂಬ ಊರು ಬಿಟ್ಟಿತು.

ಅವರು ನನ್ನನ್ನು ದೂರಲಿಲ್ಲ. ಆದರೆ ನಾನು ಅಂದು ಹತ್ತು ನಿಮಿಷ ನಡೆದು ಹೋಗಿ, "ಇಷ್ಟಕ್ಕೆ ಸಹಿ ಮಾಡಲಾರೆ" ಎಂದಿದ್ದರೆ ಅವರಿಗೆ ಕೋಪ ಬರುತ್ತಿತ್ತು, ಸಾಲ ಕಡಿಮೆ ಸಿಗುತ್ತಿತ್ತು, ನಷ್ಟವೂ ಅಷ್ಟಕ್ಕೇ ನಿಲ್ಲುತ್ತಿತ್ತು. ದಾಕ್ಷಿಣ್ಯವನ್ನು ದಯೆಯೆಂದು ತಿಳಿದದ್ದೇ ನನ್ನ ತಪ್ಪು.

ಇದೇ ಸಂಗತಿ ಬೃಹತ್ ಪ್ರಮಾಣದಲ್ಲಿ ನಡೆದರೆ ಏನಾಗುತ್ತದೆಂಬುದನ್ನು ದೇಶವೇ ಕಂಡಿದೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷ ರಾಮಲಿಂಗ ರಾಜು ಅವರು ಬರೆದ ಪತ್ರದಲ್ಲಿ, ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನ ಪೈಕಿ 5,040 ಕೋಟಿ ರೂ. ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ನಿಜಕ್ಕೂ ತೋರಿಕೆಗೂ ನಡುವೆ ಮೊದಲಿಗಿದ್ದ ಸಣ್ಣ ಅಂತರವೇ ವರ್ಷಗಳುದ್ದಕ್ಕೂ ಬೆಳೆಯಿತೆಂಬುದು ಅವರ ವಿವರಣೆಯಾಗಿತ್ತು. ಲೆಕ್ಕಪರಿಶೋಧಕರೂ ಆ ಪ್ರಕರಣದಲ್ಲಿ ಬಂಧಿತರಾದರು. ನಮ್ಮ ವೃತ್ತಿಯವರು ತಲೆ ತಗ್ಗಿಸಬೇಕಾದ ಮಾತು ಅದು.

ಎರಡೂ ಸರಿಯಾಗಿರುವಾಗ

ಮೇಲಿನವು ಸರಿ-ತಪ್ಪುಗಳ ನಡುವಣ ಆಯ್ಕೆಗಳು. ಇವಕ್ಕಿಂತ ಕಠಿಣವಾದವು ಎರಡು ಸರಿಗಳ ನಡುವಿನವು. ಎಣ್ಣೆ ಮಿಲ್ಲಿನ ಮಾಲೀಕರೊಬ್ಬರ ಬಳಿ ದೀಪಾವಳಿಯ ಹಿಂದಿನ ವಾರ ಇದ್ದದ್ದು 3 ಲಕ್ಷ ರೂ. ಎಂಟು ಕೆಲಸಗಾರರಿಗೆ ಪದ್ಧತಿಯಂತೆ ಕೊಡಬೇಕಾದ ಹಬ್ಬದ ಇನಾಮು 1.20 ಲಕ್ಷ. ಡಬ್ಬ ತಯಾರಿಸಿ ಕೊಡುವ ಸಣ್ಣ ಉದ್ಯಮಿಗೆ ಸಲ್ಲಬೇಕಾದದ್ದು 2.60 ಲಕ್ಷ, ಸರಕು ಬಂದು 40 ದಿನವಾಗಿತ್ತು. ಕಿರು ಮತ್ತು ಸಣ್ಣ ಉದ್ಯಮಗಳಿಗೆ, ಲಿಖಿತ ಒಪ್ಪಂದವಿದ್ದರೂ, 45 ದಿನಗಳೊಳಗೆ ಹಣ ಸಲ್ಲಿಸಬೇಕೆಂಬುದು 2006ರ ಕಾಯಿದೆಯ ನಿಯಮ. ತಡವಾದರೆ ಚಕ್ರಬಡ್ಡಿ, 2023–24ರಿಂದ ಈಚೆಗೆ, ಗಡುವು ಮೀರಿದ ಬಾಕಿಯನ್ನು ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ವರಮಾನ ತೆರಿಗೆ ಲೆಕ್ಕದಲ್ಲಿ ವೆಚ್ಚವೆಂದು ಒಪ್ಪುತ್ತಾರೆ.

ಅವರು ಕೆಲಸಗಾರರ ಇನಾಮನ್ನು ಪೂರ್ತಿ ಕೊಟ್ಟರು. ಉಳಿದ 1.80 ಲಕ್ಷವನ್ನು ಡಬ್ಬದ ಉದ್ಯಮಿಗೆ ಗಡುವಿನ ಮೊದಲೇ ಕಳುಹಿಸಿದರು. ಅವರು ಕೇಳುವ ಮುನ್ನವೇ ತಾವಾಗಿ ಫೋನ್ ಮಾಡಿ, ಬಾಕಿ 80,000ಕ್ಕೆ ದಿನಾಂಕ ನಮೂದಿಸಿ ಪತ್ರ ಬರೆದರು. ಆ ತಿಂಗಳು ಮನೆ ಖರ್ಚಿಗೆಂದು ಮಿಲ್ಲಿನಿಂದ ತೆಗೆಯುವ ಹಣವನ್ನು ನಿಲ್ಲಿಸಿದರು. ಆದರೂ ಕೊನೆಯ ಕಂತು ಗಡುವಿಗಿಂತ ಒಂಬತ್ತು ದಿನ ತಡವಾಯಿತು. ಬಡ್ಡಿ ಸೇರಿಸಿ ಕೊಟ್ಟರು. ಇದು ದೋಷವಿಲ್ಲದ ಉತ್ತರವೆಂದು ನಾನು ಹೇಳಲಾರೆ. ಆದರೆ ಕೊರತೆಯ ಮೊದಲ ಪಾಲನ್ನು ಅವರು ತಮ್ಮ ಮನೆಯ ಮೇಲೆ ಹಾಕಿಕೊಂಡರು, ಉಳಿದದ್ದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಎರಡು ಸರಿಗಳ ನಡುವೆ ಸಿಕ್ಕಿಬಿದ್ದವನಿಗೆ ಇದಕ್ಕಿಂತ ಉತ್ತಮ ಮಾರ್ಗ ನನಗೆ ತಿಳಿಯದು.

ಅನುಸರಿಸಬಹುದಾದ ಕ್ರಮ

1. ಸಮಯ ಕೇಳಿರಿ. "ನಾಳೆ ಹತ್ತು ಗಂಟೆಗೆ ಹೇಳುತ್ತೇನೆ" ಎಂಬ ಮಾತನ್ನು ರೂಢಿಸಿಕೊಳ್ಳಿರಿ. ಸಕಾರಣವಿಲ್ಲದೆ ಒಂದು ರಾತ್ರಿ ಕಾಯಲೊಪ್ಪದ ಪ್ರಸ್ತಾಪವನ್ನು ಸಂಶಯದಿಂದ ನೋಡಿರಿ. ಆದರೆ ಕೆಲಸಗಾರನಿಗೆ ಪೆಟ್ಟಾದಾಗ, ಜೀವಕ್ಕೆ ಅಪಾಯವಿದ್ದಾಗ ಕಾಯುವ ಮಾತಿಲ್ಲ. ಮೊದಲು ಆಸ್ಪತ್ರೆ, ಲೆಕ್ಕ ಆಮೇಲೆ.

2. ಭಯವನ್ನು ಅಂಕಿಗೆ ಇಳಿಸಿರಿ. ಸರಿಯಾದ ದಾರಿಯಲ್ಲಿ ಹೋದರೆ ಎಷ್ಟು ಖರ್ಚು, ಯಾವಾಗ, ಎಷ್ಟು ಕಂತಿನಲ್ಲಿ ಎಂಬುದನ್ನು ಕಾಗದದ ಮೇಲೆ ಬರೆಯಿರಿ.

3. ಎದುರಿಗಿಲ್ಲದವರನ್ನು ನೆನೆಯಿರಿ. ನಷ್ಟ ಬೀಳುವುದು ಹೆಚ್ಚಾಗಿ ಆ ಹೊತ್ತಿಗೆ ಅಂಗಡಿಯಲ್ಲಿ ಇಲ್ಲದವರ ಮೇಲೆ: ಕಲಬೆರಕೆ ಎಣ್ಣೆಯಾದರೆ ಅದನ್ನು ತಿನ್ನುವ ಮಗುವಿನ ಮೇಲೆ, ಸುಳ್ಳು ಬಿಲ್ಲಾದರೆ ಅದನ್ನು ನಂಬಿ ತೆರಿಗೆ ಜಮೆ ಪಡೆದ ಇನ್ನೊಬ್ಬ ವರ್ತಕನ ಮೇಲೆ.

4. ಕಿರ್ದಿಯ ಪರೀಕ್ಷೆ ಮಾಡಿರಿ. ಈ ವ್ಯವಹಾರದ ನಿಜವಾದ ವಿವರಣೆಯನ್ನು ಒಂದು ಸಾಲಿನಲ್ಲಿ ಬರೆಯಲು ಸಾಧ್ಯವೇ? 'ತೇವಾಂಶ ಶೇ. 17, ದರ 1,930' ಎಂದು ಬರೆಯಬಹುದು. 'ರೈತ ಅವಸರದಲ್ಲಿದ್ದುದರಿಂದ 90 ಕಿಲೋ ಹೆಚ್ಚು ಹಿಡಿದದ್ದು' ಎಂದು ಯಾರೂ ಬರೆಯುವುದಿಲ್ಲ. ಯಾವುದೇ ಸಂಸ್ಥೆಯ ಪುಸ್ತಕದಲ್ಲಿ 'ಇತರೆ ಖರ್ಚು' ಎಂಬ ಖಾತೆ ಉಬ್ಬಿರುವುದನ್ನು ಕಂಡಾಗ, ಆ ವರ್ಷ ಅಲ್ಲಿ ಎಷ್ಟು ನಿರ್ಧಾರಗಳು ಹೆಸರಿಲ್ಲದೆ ನಡೆದಿವೆಯೆಂದು ನಾನು ಊಹಿಸುತ್ತೇನೆ. ಲಂಚದ ವಿಷಯದಲ್ಲಿ ಒಂದು ಮಾತು ತಿಳಿದಿರಲಿ: 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರವಾಗಿ ಅಪರಾಧ, ಬಲವಂತಕ್ಕೆ ಸಿಲುಕಿ ಕೊಟ್ಟವರು ಏಳು ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆಯಿದೆ.

5. ತಲೆಯಾಡಿಸದವರನ್ನು ಕೇಳಿರಿ. ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನವರ ಕಥೆ ನಮಗೆಲ್ಲ ತಿಳಿದದ್ದೇ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಹಿಂದಿರುಗಿಸಿ ಬರುವಂತೆ ಪತ್ನಿ ಲಕ್ಕಮ್ಮ ಕಳುಹಿಸಿದರು. ಮಾರಯ್ಯನವರು ಕದ್ದು ತಂದಿರಲಿಲ್ಲ, ನೆಲದ ಮೇಲೆ ಚೆಲ್ಲಿದ್ದನ್ನೇ ಆಯ್ದಿದ್ದರು. ಆದರೂ ಹೊರಗಿನಿಂದ ನೋಡಿದ ಕಣ್ಣಿಗೆ ಹೆಚ್ಚುವರಿ ಕಂಡಿತು. ಅಂತಹ ಒಬ್ಬರು ಪ್ರತಿಯೊಬ್ಬ ವರ್ತಕನ ಬಳಿಯೂ ಇರಬೇಕು. ಪತ್ನಿ, ಅಣ್ಣ, ಹಳೆಯ ಗುಮಾಸ್ತ, ಯಾರಾದರೂ ಸರಿ.

6. ನಿಯಮವನ್ನು ಮೊದಲೇ ಮಾಡಿಡಿರಿ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯನ್ನೇ ತೆಗೆದುಕೊಳ್ಳೋಣ. ಹೂವು ಬಾಡದಿರಲು ನೀರು ಚಿಮುಕಿಸುವುದು ಅಗತ್ಯ. ಅದೇ ನೀರು ತೂಕಕ್ಕೂ ಸೇರುತ್ತದೆ. ಎಷ್ಟು ನೀರು ನ್ಯಾಯ ಎಂದು ಪ್ರತಿದಿನ ಚರ್ಚಿಸುತ್ತ ಕೂರಲಾಗದು. 'ತೂಗಿದ ಮೇಲೆಯೇ ನೀರು' ಎಂದು ಒಮ್ಮೆ ನಿಯಮ ಮಾಡಿದರೆ ಪ್ರಶ್ನೆ ಅಲ್ಲಿಗೆ ಮುಗಿಯಿತು. ತಾವಿಲ್ಲದ ವೇಳೆ ಗಲ್ಲಾದಲ್ಲಿ ಕೂರುವ ಮಗನಿಗೂ ಗುಮಾಸ್ತನಿಗೂ ಅದೇ ದಾರಿ ತೋರಿಸುತ್ತದೆ.

ತಪ್ಪು ಆಗಿಹೋಗಿದ್ದರೆ

ಲೆಕ್ಕ ಬರೆಯುವವರೆಲ್ಲರಿಗೂ ಗೊತ್ತಿರುವ ಒಂದು ಶಿಸ್ತಿದೆ. ತಪ್ಪಿದ ನಮೂದನ್ನು ಉಜ್ಜಿ ಅಳಿಸಬಾರದು. ಅದು ಹಾಗೆಯೇ ಇರಲಿ. ತಪ್ಪು ಕಂಡ ದಿನಾಂಕದಲ್ಲಿ, ಕಾರಣ ಬರೆದು, ತಿದ್ದುಪಡಿಯ ನಮೂದು ಹಾಕಬೇಕು. ನಡತೆಗೂ ಇದೇ ಕ್ರಮ ಸಲ್ಲುತ್ತದೆ. ಹೆಚ್ಚು ಹಿಡಿದ ತೂಕವನ್ನು ಮುಂದಿನ ಪಟ್ಟಿಯಲ್ಲಿ ತೋರಿಸಿ ಮರಳಿಸಬಹುದು. ಕಾನೂನೂ ಇದಕ್ಕೆ ದಾರಿ ಬಿಟ್ಟಿದೆ. ಜಿ.ಎಸ್.ಟಿ.ಯಲ್ಲಿ ವಂಚನೆಯ ಉದ್ದೇಶವಿಲ್ಲದ ತಪ್ಪಾಗಿದ್ದರೆ, ನೋಟಿಸು ಬರುವ ಮೊದಲೇ ತಾವಾಗಿ ತೆರಿಗೆಯನ್ನೂ ಬಡ್ಡಿಯನ್ನೂ ಕಟ್ಟಿದವರಿಗೆ ದಂಡವಿಲ್ಲ. ವರಮಾನ ತೆರಿಗೆಯಲ್ಲಿ ಬಿಟ್ಟುಹೋದ ಆದಾಯವನ್ನು ಹೆಚ್ಚುವರಿ ತೆರಿಗೆಯೊಡನೆ ತಾವೇ ಘೋಷಿಸುವ ಅವಕಾಶ 2022ರಲ್ಲಿ ಬಂದಿತು. ತಡ ಮಾಡಿದಷ್ಟೂ ಬೆಲೆ ಏರುತ್ತದೆ, ಅಷ್ಟೇ.

ನನ್ನ ಆ ಸಹಿಗೆ ಮಾತ್ರ ತಿದ್ದುಪಡಿಯ ನಮೂದು ಸಿಗಲಿಲ್ಲ. ಅಂದಿನಿಂದ ಗೋದಾಮು ನೋಡದೆ ದಾಸ್ತಾನಿಗೆ ಸಹಿ ಮಾಡುವುದಿಲ್ಲವೆಂಬ ನಿಯಮವನ್ನು ಕಚೇರಿಯ ಗೋಡೆಯ ಮೇಲೆ ಬರೆಸಿದ್ದೇನೆ. ಅದರಿಂದ ಇಬ್ಬರು ಕಕ್ಷಿದಾರರು ಬೇರೆಡೆಗೆ ಹೋದರು. ಇದನ್ನೂ ಹೇಳಬೇಕು, ಸರಿಯಾದ ದಾರಿಯಲ್ಲಿ ಎಂದೂ ನಷ್ಟವಿಲ್ಲವೆಂದು ಹೇಳಿದರೆ ಅದು ಸುಳ್ಳು ಲೆಕ್ಕವಾದೀತು.

ವರ್ತಕ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ಬರುವ ದೀಪಾವಳಿಯಲ್ಲಿ ಹೊಸ ಪುಸ್ತಕಕ್ಕೆ ಪೂಜೆ ಮಾಡುವಾಗ, ಮೊದಲ ಪುಟದಲ್ಲಿ ತಮ್ಮ ಅಂಗಡಿಯ ನಾಲ್ಕಾರು ನಿಯಮಗಳನ್ನು ಬರೆದಿಡಿರಿ. ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವವರು ಗಲ್ಲಾದ ಮೇಲೆ ಅಂಟಿಸಿರಿ. ಉದ್ದದ ಉಪದೇಶ ಬೇಡ; ತೂಕ, ತೇವ, ಬಿಲ್ಲು, ಸಾಲ, ಬಾಕಿ ಇವುಗಳ ಬಗ್ಗೆ ತಲಾ ಒಂದು ಸಾಲು ಸಾಕು.

ತಂದೆಯವರು ಆ ತೊಂಬತ್ತು ರೂಪಾಯಿಯನ್ನು ಮೂರು ಜಾತ್ರೆಗಳವರೆಗೆ ಬೇರೆಯಾಗಿಯೇ ಇಟ್ಟರು. ಪ್ರತಿ ವರ್ಷ ಅಕ್ಕಪಕ್ಕದ ಅಂಗಡಿಯವರಿಗೂ ಹೇಳಿ ಬರುತ್ತಿದ್ದರು. ಯಾರೂ ಕೇಳಿಕೊಂಡು ಬರಲಿಲ್ಲ. ನಾಲ್ಕನೆಯ ವರ್ಷ ಅದನ್ನು ಬೆಟ್ಟದ ಮೇಲೆ ಅಮ್ಮನ ಹುಂಡಿಗೆ ಹಾಕಿ, ಕಿರ್ದಿಯ ಖರ್ಚಿನ ಬದಿಗೆ ಬರೆದು ಆ ಬಾಕಿಯನ್ನು ಮುಗಿಸಿದರು. ಆ ಪುಸ್ತಕ ಇಂದಿಗೂ ನನ್ನ ಬಳಿ ಇದೆ.